ಸಿಹಿಯ ಸೆಳೆತವೂ ಮುಪ್ಪಿನ ನಗೆಯೂ

ಮನುಷ್ಯನ ರಸನೇಂದ್ರಿಯಕ್ಕೆ ಪ್ರಿಯವಾದ ರುಚಿಗಳಲ್ಲಿ ಎಲ್ಲಕ್ಕಿಂತ ಮೊದಲು ಬರುವುದೂ ಎಲ್ಲಕ್ಕಿಂತ ತಡವಾಗಿ ಬಿಟ್ಟುಹೋಗುವುದೂ ಸಿಹಿಯೇ. ಜೆರೂಸಲೇಮಿನ ಹೀಬ್ರೂ ವಿಶ್ವವಿದ್ಯಾಲಯದ ಜೇಕಬ್ ಸ್ಟೈನರ್ ಎಂಬ ವಿಜ್ಞಾನಿ 1970ರ ದಶಕದಲ್ಲಿ, ಹುಟ್ಟಿ ಕೆಲವೇ ಗಂಟೆಗಳಾಗಿದ್ದ, ಇನ್ನೂ ಮೊದಲ ಹಾಲನ್ನೇ ಕುಡಿಯದಿದ್ದ ಶಿಶುಗಳ ನಾಲಗೆಗೆ ಬೇರೆಬೇರೆ ರಸಗಳ ಹನಿಗಳನ್ನು ಮುಟ್ಟಿಸಿ, ಅವುಗಳ ಮುಖದಲ್ಲಿ ಮೂಡುವ ಭಾವಗಳನ್ನು ಛಾಯಾಚಿತ್ರಗಳಲ್ಲಿ ಹಿಡಿದಿಟ್ಟರು. ಕಹಿಗೆ ಮುಖ ಕಿವಿಚಿ ಹುಳಿಗೆ ತುಟಿ ಮುದುರಿಸಿದ ಆ ಕೂಸುಗಳು, ಸಿಹಿಯ ಹನಿ ತಾಗಿದೊಡನೆ ಮುಖದ ಬಿಗುವನ್ನೆಲ್ಲ ಸಡಿಲಿಸಿ, ತುಟಿಗಳನ್ನು ಚಪ್ಪರಿಸಿ, ನಸುನಗೆಯೆಂದೇ ಹೇಳಬಹುದಾದ ಒಂದು ಪ್ರಸನ್ನತೆಯನ್ನು ತಳೆದುವು. ಯಾರೂ ಕಲಿಸದ ಪಾಠವಿದು. ಕಾಡಿನ ಹಣ್ಣುಗಳಲ್ಲಿ ಮಾಗಿದುದನ್ನು ಹುಡುಕಿ ತಿಂದು ಬಾಳಿದ ನಮ್ಮ ಪೂರ್ವಜರಿಗೆ ಸಿಹಿಯೆಂಬುದು ಶಕ್ತಿಯಿರುವೆಡೆಯನ್ನು ತೋರುವ ಸಂಕೇತವಾಗಿತ್ತು. ಮಾಂಸವನ್ನೇ ನಂಬಿದ ಬೆಕ್ಕಿಗೆ ಆ ಸಂಕೇತ ಬೇಕಾಗಲಿಲ್ಲವಾದುದರಿಂದ, ಸಿಹಿಯನ್ನು ಗುರುತಿಸುವ ಗ್ರಾಹಕದ ಎರಡು ಭಾಗಗಳಲ್ಲಿ ಒಂದನ್ನು ನಿರ್ಮಿಸಬೇಕಾದ ಜೀನು ಅದರಲ್ಲಿ ಕೆಟ್ಟುಹೋಗಿರುವುದನ್ನು ಫಿಲಡೆಲ್ಫಿಯಾದ ಮೊನೆಲ್ ಸಂಸ್ಥೆಯ ಸಂಶೋಧಕರು 2005ರಲ್ಲಿ ತೋರಿಸಿಕೊಟ್ಟರು. ಪಾಯಸದ ಬಟ್ಟಲನ್ನು ಮೂಸಿ ಬೆಕ್ಕು ಮುಂದೆ ಸಾಗಬಲ್ಲದು. ಮನುಷ್ಯನಿಗೆ ಅದು ಅಷ್ಟು ಸುಲಭವಲ್ಲ.

ವಯಸ್ಸು ಏರಿದಂತೆ ಈ ಸೆಳೆತ ಕಡಿಮೆಯಾಗಬೇಕೆಂದು ನಾವು ನಿರೀಕ್ಷಿಸುತ್ತೇವೆ. ನಡೆಯುವುದು ಬೇರೆಯ ಬಗೆಯಾಗಿ. ಮುಪ್ಪಿನಲ್ಲಿ ಬಹುಮಟ್ಟಿಗೆ ಮಂಕಾಗುವುದು ಘ್ರಾಣಶಕ್ತಿ. ಸಾರಿನ ಪರಿಮಳವೂ ಒಗ್ಗರಣೆಯ ಘಮವೂ ಹಿಂದಿನಂತೆ ಏಳುವುದಿಲ್ಲವೆಂದು ಹಿರಿಯರು ದೂರುವಾಗ ಅವರು ಅಡಿಗೆಯವರ ಕೈಯನ್ನು ಹಳಿಯುತ್ತಿರುವಂತೆ ತೋರಿದರೂ, ವಾಸ್ತವವಾಗಿ ಕುಂದಿರುವುದು ಅವರ ಮೂಗಿನೊಳಗಿನ ನರತಂತುಗಳು. ಉಪ್ಪು, ಕಹಿ, ಹುಳಿಗಳ ಅರಿವೂ ಸ್ವಲ್ಪಮಟ್ಟಿಗೆ ತಗ್ಗುತ್ತದೆ. ಎಲ್ಲದರ ನಡುವೆ ತಕ್ಕಮಟ್ಟಿಗೆ ಅಳಿಯದೆ ಉಳಿಯುವುದು ಸಿಹಿಯ ಅರಿವು. ಹೀಗಿರಲಾಗಿ, ಎಂಬತ್ತರ ಅಜ್ಜಿ ಪಲ್ಯವನ್ನು ಬದಿಗೆ ಸರಿಸಿ ಹೋಳಿಗೆಯತ್ತ ಕೈ ನೀಡಿದರೆ ಅದನ್ನು ಚಾಪಲ್ಯವೆಂದು ಕರೆಯುವುದು ಅನ್ಯಾಯ. ರುಚಿಗಳ ಲೋಕವೇ ಸಂಕುಚಿತವಾಗುತ್ತ ಬಂದಾಗ, ಉಳಿದಿರುವ ಒಂದು ಬಾಗಿಲನ್ನು ಆಕೆ ತೆರೆದಿಟ್ಟುಕೊಳ್ಳುತ್ತಾಳೆ, ಅಷ್ಟೆ.

ದುರದೃಷ್ಟವಶಾತ್, ನಾಲಗೆ ಸಿಹಿಯನ್ನು ಉಳಿಸಿಕೊಂಡಷ್ಟು ದೃಢವಾಗಿ ದೇಹ ಅದನ್ನು ನಿರ್ವಹಿಸುವ ಸಾಮರ್ಥ್ಯವನ್ನು ಉಳಿಸಿಕೊಳ್ಳುವುದಿಲ್ಲ. ಊಟವಾದ ಮೇಲೆ ರಕ್ತಕ್ಕೆ ಇಳಿಯುವ ಗ್ಲೂಕೋಸಿನ ಬಹುಪಾಲನ್ನು ಇನ್ಸುಲಿನ್ನಿನ ಪ್ರೇರಣೆಯಿಂದ ಒಳಗೆಳೆದುಕೊಂಡು ಕೂಡಿಡುವುದು ನಮ್ಮ ಮಾಂಸಖಂಡಗಳು. ಮೂವತ್ತರ ತರುವಾಯ ಪ್ರತಿ ದಶಕದಲ್ಲಿಯೂ ಈ ಖಂಡಗಳ ರಾಶಿ ಸ್ವಲ್ಪಸ್ವಲ್ಪವಾಗಿ ಕರಗುತ್ತದೆ, ಅರವತ್ತರ ನಂತರ ಇನ್ನೂ ವೇಗವಾಗಿ; ಇತ್ತ ಮೇದೋಜೀರಕ ಗ್ರಂಥಿಯೂ ಇನ್ಸುಲಿನ್ನನ್ನು ಮೊದಲಿನ ಚುರುಕಿನಿಂದ ಸ್ರವಿಸದು. ಇಪ್ಪತ್ತೈದರ ಯುವಕ ತಿಂದು ಮರೆಯಬಹುದಾದ ಎರಡು ಹೋಳಿಗೆಗಳು ಎಪ್ಪತ್ತರ ಹಿರಿಯರ ರಕ್ತದಲ್ಲಿ ಗಂಟೆಗಳ ಕಾಲ ಅಲೆದಾಡುವುದು ಇದರಿಂದಲೇ. ಭಾರತೀಯ ವೈದ್ಯಕೀಯ ಸಂಶೋಧನ ಪರಿಷತ್ತಿನ ಬೆಂಬಲದಿಂದ ದೇಶದಾದ್ಯಂತ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ ಭಾರತದಲ್ಲಿ ಮಧುಮೇಹಿಗಳ ಸಂಖ್ಯೆ ಸುಮಾರು 10 ಕೋಟಿ 10 ಲಕ್ಷ. ಅದರ ಹೊಸ್ತಿಲಲ್ಲಿ ನಿಂತವರು ಇನ್ನೂ 13 ಕೋಟಿಗೆ ಮಿಗಿಲು. ಸಕ್ಕರೆಗೆ ಬದಲಾಗಿ ಬೆಲ್ಲ ಹಾಕಿದರೆ ಬಾಧಕವಿಲ್ಲವೆಂಬ ನಂಬಿಕೆ ನಮ್ಮ ಮನೆಗಳಲ್ಲಿ ಬೇರೂರಿರುವುದರಿಂದ ಒಂದು ಮಾತು ಇಲ್ಲಿಯೇ ಹೇಳಿಬಿಡುವುದು ಕ್ಷೇಮ: ಬೆಲ್ಲದಲ್ಲಿ ಕೆಲವು ಲವಣಾಂಶಗಳಿದ್ದರೂ ಅದರ ಮುಖ್ಯಭಾಗ ಸುಕ್ರೋಸೇ, ಸಕ್ಕರೆಯಲ್ಲಿರುವ ವಸ್ತುವೇ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ, ದಿನದ ಆಹಾರಶಕ್ತಿಯಲ್ಲಿ ಇಂಥ ಸಕ್ಕರೆಗಳ ಪಾಲು ಶೇ. 10ನ್ನು ಮೀರಬಾರದೆಂದೂ, ಶೇ. 5ಕ್ಕೆ, ಎಂದರೆ ಸುಮಾರು 25 ಗ್ರಾಮಿಗೆ, ಇಳಿಸುವುದು ಮೇಲೆಂದೂ ಹೇಳಿದಾಗ ಜೇನುತುಪ್ಪವನ್ನೂ ಆ ಲೆಕ್ಕಕ್ಕೆ ಸೇರಿಸಿತು.

ಸಿಹಿಗೂ ಮುಪ್ಪಿಗೂ ಇರುವ ನಂಟು ಇದಕ್ಕಿಂತಲೂ ಆಳವಾದುದು. ಲೂಯಿ ಕಾಮಿಲ್ ಮೈಯಾರ್ ಎಂಬ ಫ್ರೆಂಚ್ ರಸಾಯನಶಾಸ್ತ್ರಜ್ಞ 1912ರಲ್ಲಿ, ಸಕ್ಕರೆಯೂ ಪ್ರೋಟೀನಿನ ಘಟಕಗಳಾದ ಅಮೈನೋ ಆಮ್ಲಗಳೂ ಶಾಖದಲ್ಲಿ ಕೂಡಿದರೆ ಕಂದುಬಣ್ಣದ ಸಂಯುಕ್ತಗಳಾಗುವುದನ್ನು ವಿವರಿಸಿದನು. ಕಾವಲಿಯ ಮೇಲೆ ಒಬ್ಬಟ್ಟಿಗೆ ಬರುವ ಹೊಂಗಂದು ಬಣ್ಣವೂ ಸುವಾಸನೆಯೂ ಬಹುಮಟ್ಟಿಗೆ ಈ ಕ್ರಿಯೆಯ ಫಲ. ಅದೇ ಕ್ರಿಯೆ, ಬೆಂಕಿಯಿಲ್ಲದೆ, ದೇಹದ ಉಷ್ಣದಲ್ಲಿಯೇ, ಅತಿ ಮಂದಗತಿಯಿಂದ ನಮ್ಮೊಳಗೂ ನಡೆಯುತ್ತಿದೆ. ಕೆಂಪುರಕ್ತಕಣಗಳು ಬದುಕುವುದು ಸುಮಾರು 120 ದಿನ. ಅಷ್ಟರಲ್ಲಿ ಅವುಗಳ ಹೀಮೋಗ್ಲೋಬಿನ್ನಿಗೆ ಎಷ್ಟು ಗ್ಲೂಕೋಸ್ ಅಂಟಿಕೊಂಡಿತೆಂಬುದನ್ನು ಅಳೆದೇ ವೈದ್ಯರು ಕಳೆದ ಎರಡು ಮೂರು ತಿಂಗಳ ಸಕ್ಕರೆಯ ಸರಾಸರಿಯನ್ನು ಹೇಳುವುದು. ಅದನ್ನು ನಾವು ಎಚ್‌ಬಿಎ1ಸಿ ಪರೀಕ್ಷೆಯೆಂದು ಬಲ್ಲೆವು. ರಕ್ತಕಣಗಳಾದರೋ ಹಳೆಯವು ಹೋಗಿ ಹೊಸವು ಬರುತ್ತವೆ. ಚರ್ಮಕ್ಕೂ ರಕ್ತನಾಳಗಳಿಗೂ ಬಲವನ್ನೀಯುವ ಕೊಲಾಜನ್ ಅಷ್ಟು ಬೇಗ ನವೀಕರಣಗೊಳ್ಳದು. ಕಣ್ಣಿನ ಮಸೂರದ ನಡುಭಾಗದ ಪ್ರೋಟೀನುಗಳಂತೂ ನಾವು ಹುಟ್ಟುವ ಮುನ್ನ ರೂಪುಗೊಂಡವು, ಸಾಯುವವರೆಗೂ ಅವೇ. ಇವುಗಳ ಮೇಲೆ ಸಕ್ಕರೆಯ ಅಂಟು ವರ್ಷದ ಮೇಲೆ ವರ್ಷ ಕೂಡುತ್ತ ಹೋಗಿ, ನಾಳಗಳು ಪೆಡಸಾಗುವುದಕ್ಕೂ ಮಸೂರ ಮಬ್ಬಾಗುವುದಕ್ಕೂ ತನ್ನ ಪಾಲಿನ ಕಾಣಿಕೆಯನ್ನು ಸಲ್ಲಿಸುತ್ತದೆ. ರಕ್ತದಲ್ಲಿ ಸಕ್ಕರೆ ಹೆಚ್ಚಿದಷ್ಟೂ ಈ ಕ್ರಿಯೆಯ ವೇಗ ಹೆಚ್ಚು.

ಹಾಗಾದರೆ ಕೈಯನ್ನು ಹಿಡಿಯುವುದು ಹೇಗೆ? ಮನೋಬಲವೆಂಬ ಒಂದು ನಿಧಿ ನಮ್ಮೊಳಗಿದೆ, ಬಳಸಿದಂತೆಲ್ಲ ಅದು ವೆಚ್ಚವಾಗುತ್ತದೆ ಎಂಬುದು ಬಹುಕಾಲ ಪ್ರಚಲಿತವಾಗಿದ್ದ ವಾದ. ಅಮೆರಿಕದ ರಾಯ್ ಬೌಮೀಸ್ಟರ್ ಮತ್ತು ಅವರ ಸಂಗಡಿಗರು 1998ರಲ್ಲಿ ಪ್ರಕಟಿಸಿದ ಪ್ರಯೋಗ ಈ ವಾದಕ್ಕೆ ಆಧಾರವಾಯಿತು: ಆಗತಾನೆ ಬೇಯಿಸಿದ ಚಾಕೊಲೇಟ್ ಬಿಸ್ಕತ್ತುಗಳ ಪರಿಮಳ ತುಂಬಿದ ಕೋಣೆಯಲ್ಲಿ ಕೆಲವರಿಗೆ ಆ ಬಿಸ್ಕತ್ತುಗಳನ್ನೂ ಕೆಲವರಿಗೆ ಬರಿಯ ಮೂಲಂಗಿಯನ್ನೂ ಕೊಟ್ಟು, ಅನಂತರ ಬಿಡಿಸಲಾಗದ ಒಂದು ಒಗಟನ್ನು ಮುಂದಿಟ್ಟಾಗ, ಮೂಲಂಗಿ ತಿಂದು ಆಸೆಯನ್ನು ಅದುಮಿಕೊಂಡವರು ಸುಮಾರು 8 ನಿಮಿಷಗಳಲ್ಲಿ ಸೋತು ಕೈಬಿಟ್ಟರು, ಬಿಸ್ಕತ್ತು ತಿಂದವರು ಸುಮಾರು 19 ನಿಮಿಷ ಸೆಣಸಿದರು. ಈ ಸೊಗಸಾದ ಕಥೆ ಪಠ್ಯಪುಸ್ತಕಗಳಿಗೂ ಏರಿತು. ಆದರೆ 2016ರಲ್ಲಿ 23 ಪ್ರಯೋಗಾಲಯಗಳು ಒಟ್ಟುಗೂಡಿ, ಎರಡು ಸಾವಿರಕ್ಕೂ ಹೆಚ್ಚು ಜನರಲ್ಲಿ ಇದೇ ತತ್ತ್ವವನ್ನು ಬೇರೊಂದು ವಿಧಾನದಿಂದ ಪರೀಕ್ಷಿಸಿದಾಗ ಪರಿಣಾಮವೆಂಬುದು ಹೆಚ್ಚುಕಡಿಮೆ ಶೂನ್ಯವೇ ಆಯಿತು. ತಾನು ಕಟ್ಟಿದುದನ್ನು ತಾನೇ ತಟ್ಟಿ ನೋಡುವ ಈ ಧೈರ್ಯವೇ ವಿಜ್ಞಾನದ ಘನತೆಯೆಂದು ನಾನು ತಿಳಿದಿದ್ದೇನೆ.

ಹಲ್ಲು ಕಚ್ಚಿ ತಡೆಯುವುದರಲ್ಲಿ ರಹಸ್ಯವಿಲ್ಲವೆಂಬುದನ್ನು ಅದಕ್ಕಿಂತ ಬಹಳ ಮೊದಲೇ ಕಂಡವರು ವಾಲ್ಟರ್ ಮಿಶೆಲ್. 1930ರಲ್ಲಿ ವಿಯೆನ್ನಾದಲ್ಲಿ ಹುಟ್ಟಿ, ಬಾಲ್ಯದಲ್ಲಿಯೇ ನಾಟ್ಸಿಗಳ ಕಾಟದಿಂದ ಅಮೆರಿಕಕ್ಕೆ ಓಡಿಬಂದ ಕುಟುಂಬದ ಈ ಮನೋವಿಜ್ಞಾನಿ, 1960ರ ದಶಕದ ಕೊನೆಯಲ್ಲಿ ಸ್ಟ್ಯಾನ್‌ಫೋರ್ಡ್ ವಿಶ್ವವಿದ್ಯಾಲಯದ ಶಿಶುವಿಹಾರದಲ್ಲಿ, ಮೂರರಿಂದ ಐದು ವರ್ಷದ ಮಕ್ಕಳ ಮುಂದೆ ಅವರು ಮೆಚ್ಚಿದ ತಿನಿಸನ್ನಿಟ್ಟು, ಈಗಲೇ ತಿಂದರೆ ಸ್ವಲ್ಪ, ನಾನು ಹಿಂದಿರುಗುವವರೆಗೆ ತಾಳಿದರೆ ಹೆಚ್ಚು ಎಂದು ಹೇಳಿ ಹೊರನಡೆಯುತ್ತಿದ್ದರು. ಮಾರ್ಷ್‌ಮೆಲೋ ಎಂಬ ಮೆತ್ತನೆಯ ಬಿಳಿ ಮಿಠಾಯಿಯ ಹೆಸರು ಈ ಪ್ರಯೋಗಗಳಿಗೆ ಅಂಟಿಕೊಂಡಿದೆ. ತಿನಿಸುಗಳು ಕಣ್ಣೆದುರಿಗೇ ಇದ್ದಾಗ ಮಕ್ಕಳು ಸರಾಸರಿ ಒಂದು ನಿಮಿಷದ ಆಸುಪಾಸು ಕಾದರು. ಅವನ್ನು ಕಣ್ಮರೆ ಮಾಡಿದಾಗ ಅದೇ ವಯಸ್ಸಿನ ಮಕ್ಕಳು 11 ನಿಮಿಷಗಳವರೆಗೆ ಕಾದರು. ಇದಕ್ಕಿಂತಲೂ ಚಿಂತನೆಗೆ ಅರ್ಹವಾದುದು ಮುಂದಿನ ಹೆಜ್ಜೆ. ಎದುರಿಗಿರುವ ಮಿಠಾಯಿಯನ್ನು ಉಬ್ಬಿದ ಬಿಳಿಯ ಮುಗಿಲೆಂದು ಭಾವಿಸಿಕೊ ಎಂದು ಹೇಳಿಸಿಕೊಂಡ ಮಕ್ಕಳು, ಅದರ ಸವಿಯನ್ನೂ ಮೆದುತನವನ್ನೂ ನೆನೆ ಎಂದು ಹೇಳಿಸಿಕೊಂಡವರಿಗಿಂತ ಎಷ್ಟೋ ಹೆಚ್ಚು ಹೊತ್ತು ತಾಳಿದರು. ಮತ್ತೊಂದು ಪ್ರಯೋಗದಲ್ಲಿ, ಮುಂದಿರುವ ತಿನಿಸಿನ ಸುತ್ತ ಮನಸ್ಸಿನಲ್ಲಿಯೇ ಒಂದು ಚೌಕಟ್ಟನ್ನು ಹಾಕಿ ಅದನ್ನು ಚಿತ್ರವೆಂದು ನೋಡುವುದಕ್ಕೆ ಕಲಿಸಿದಾಗ, ಮಕ್ಕಳು ಸುಮಾರು 18 ನಿಮಿಷಗಳವರೆಗೂ ಕುಳಿತರು. ಚಿತ್ರವನ್ನು ತಿನ್ನಲಾಗದಲ್ಲ ಎಂಬ ಅರ್ಥದ ಮಾತನ್ನು ಒಂದು ಮಗು ಆಡಿದುದನ್ನು ಮಿಶೆಲ್ ಮುಂದೆ ಸಂತೋಷದಿಂದ ನೆನೆಯುತ್ತಿದ್ದರು. ವಸ್ತು ಅದೇ, ನಾಲಗೆ ಅದೇ, ಹಸಿವೂ ಅದೇ. ನೋಡುವ ಬಗೆ ಬದಲಾದೊಡನೆ ಅದರ ಹಿಡಿತ ಸಡಿಲವಾಯಿತು.

ಈ ಮಕ್ಕಳಲ್ಲಿ ಹೆಚ್ಚು ಕಾದವರು ಮುಂದೆ ವಿದ್ಯೆಯಲ್ಲಿಯೂ ಮೇಲಾದರೆಂಬ ಸುದ್ದಿ ಲೋಕವನ್ನೆಲ್ಲ ಸುತ್ತಿತು. 900ಕ್ಕೂ ಹೆಚ್ಚು ಮಕ್ಕಳ ಮಾಹಿತಿಯನ್ನಾಧರಿಸಿ 2018ರಲ್ಲಿ ಪ್ರಕಟವಾದ ಅಧ್ಯಯನವು, ಮನೆಯ ಆರ್ಥಿಕ ಸ್ಥಿತಿ ಮೊದಲಾದುವನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಆ ನಂಟು ಬಹಳ ಕ್ಷೀಣವಾಗುವುದನ್ನು ತೋರಿಸಿ ಉತ್ಸಾಹವನ್ನು ತಣ್ಣಗಾಗಿಸಿತು. ನಮ್ಮ ವಿಷಯಕ್ಕೆ ಹೆಚ್ಚು ಬೆಳಕು ಕೊಡುವುದು ರೋಚೆಸ್ಟರ್ ವಿಶ್ವವಿದ್ಯಾಲಯದಲ್ಲಿ ಸೆಲೆಸ್ಟ್ ಕಿಡ್ ಮತ್ತು ಅವರ ಸಂಗಡಿಗರು ನಡೆಸಿ 2013ರಲ್ಲಿ ಪ್ರಕಟಿಸಿದ ಒಂದು ಚಿಕ್ಕ ಪ್ರಯೋಗ. ಬಣ್ಣದ ಕಡ್ಡಿಗಳನ್ನು ತರುತ್ತೇನೆಂದು ಹೇಳಿ ತಂದುಕೊಟ್ಟ ದೊಡ್ಡವರನ್ನು ಕಂಡ ಮಕ್ಕಳು ಅನಂತರದ ಮಿಠಾಯಿಗಾಗಿ ಸರಾಸರಿ 12 ನಿಮಿಷ ಕಾದರೆ, ಮಾತಿಗೆ ತಪ್ಪಿದ ದೊಡ್ಡವರನ್ನು ಕಂಡ ಮಕ್ಕಳು 3 ನಿಮಿಷಗಳಲ್ಲಿ ತಿಂದುಬಿಟ್ಟರು. ಅವರು ದುರ್ಬಲಮನಸ್ಕರಾಗಿರಲಿಲ್ಲ, ನಾಳೆ ಎಂಬುದು ಬರುವುದೆಂಬ ಭರವಸೆಯಿಲ್ಲದಾಗ ಇಂದಿನದನ್ನು ತಿನ್ನುವುದೇ ವಿವೇಕವೆಂದು ಅವರಿಗೆ ತೋರಿತು. ಸಂಯಮಕ್ಕೆ ಎರಡು ಆಸರೆಗಳು ಬೇಕೆಂದಾಯಿತು, ಒಂದು ಚೌಕಟ್ಟು, ಇನ್ನೊಂದು ನಾಳೆಯ ಮೇಲಣ ನಂಬಿಕೆ. ವೃದ್ಧಾಪ್ಯದಲ್ಲಿ ಎರಡನೆಯದು ಅಲುಗಾಡುತ್ತದೆ. ಹಬ್ಬದ ಪಂಕ್ತಿಯಲ್ಲಿ, "ಹಾಕಮ್ಮ ಇನ್ನೊಂದು, ಇನ್ನೆಷ್ಟು ದಿನ ತಿನ್ನುವವನು ನಾನು" ಎಂದು ಸೊಸೆಗೆ ನಗುತ್ತ ಹೇಳುವ ಮಾವನವರನ್ನು ನಾವೆಲ್ಲ ಬಲ್ಲೆವು. ಆ ನಗೆಯ ಒಳಗೆ ಕುಳಿತಿರುವುದು ರೋಚೆಸ್ಟರಿನ ಮಗುವಿನ ತರ್ಕವೇ.

ಮುಪ್ಪನ್ನು ಕುರಿತ ನಗೆ ಎಲ್ಲವೂ ಹೀಗೆಯೇ ಎಂದಲ್ಲ. ಫ್ರಾನ್ಸಿನ ಆರ್ಲ್ ಪಟ್ಟಣದ ಜಾನ್ ಕಾಲ್ಮಾಂ ಎಂಬ ಮಹಿಳೆ 1875ರ ಫೆಬ್ರುವರಿ 21ರಂದು ಹುಟ್ಟಿ 1997ರ ಆಗಸ್ಟ್ 4ರಂದು, 122 ವರ್ಷ 164 ದಿನಗಳ ವಯಸ್ಸಿನಲ್ಲಿ ತೀರಿಕೊಂಡಳು. ಆಕೆಯ ಗುರುತಿನ ಬಗ್ಗೆ 2018ರಲ್ಲಿ ಆಕ್ಷೇಪವೆದ್ದಾಗ ಸಂಶೋಧಕರು ದಾಖಲೆಗಳನ್ನು ಪುನಃ ಪರಿಶೀಲಿಸಿ ಅದಕ್ಕೆ ಸಮಾಧಾನವನ್ನು ಕೊಟ್ಟಿದ್ದಾರೆ. ತನಗಿರುವುದು ಒಂದೇ ಒಂದು ಸುಕ್ಕು, ಅದರ ಮೇಲೆಯೇ ತಾನು ಕುಳಿತಿದ್ದೇನೆ ಎಂದು ಈಕೆ ಹೇಳುತ್ತಿದ್ದಳಂತೆ. ಮುಂದಿನ ವರ್ಷ ಮತ್ತೆ ನೋಡೋಣ, ಸಾಧ್ಯವಾದರೆ, ಎಂದು ಬೀಳ್ಕೊಂಡ ಒಬ್ಬ ಅತಿಥಿಗೆ, ಏಕಾಗಬಾರದು, ನೀವು ಗಟ್ಟಿಯಾಗಿಯೇ ಇರುವಂತೆ ಕಾಣುತ್ತೀರಿ ಎಂದಳೆಂದೂ ಪ್ರಸಿದ್ಧಿಯಿದೆ. ವಾರಕ್ಕೆ ಒಂದು ಕಿಲೋಗ್ರಾಮಿನಷ್ಟು ಚಾಕೊಲೇಟು ತಿನ್ನುತ್ತಿದ್ದ ಈಕೆ, ವೈದ್ಯರ ಒತ್ತಾಯಕ್ಕೆ ಮಣಿದು ಸಿಹಿಯನ್ನು ಬಿಟ್ಟುದು 119ನೆಯ ವಯಸ್ಸಿನಲ್ಲಿ ಎಂದು ವರದಿಯಾಗಿದೆ. ಇದನ್ನು ಓದಿ ಚಾಕೊಲೇಟೇ ಆಯುಷ್ಯವೆಂದು ಯಾರೂ ತಿಳಿಯಬಾರದು. ಕೋಟಿ ಕೋಟಿ ಜನರಲ್ಲಿ ಒಬ್ಬಳ ದೇಹಪ್ರಕೃತಿ ತಾಳಿಕೊಂಡುದು ಉಳಿದವರಿಗೆ ಪ್ರಮಾಣವಾಗಲಾರದು. ಈ ಪ್ರಕರಣದಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಆಕೆಯ ನಗೆಯ ಜಾತಿ. ಆ ಸುಕ್ಕಿನ ಮಾತಿನಲ್ಲಿ ಆಕೆ ತನ್ನ ಮುಪ್ಪಿಗೆ ಒಂದು ಚೌಕಟ್ಟನ್ನು ಹಾಕಿ, ಅದನ್ನು ಮಾರು ದೂರದಲ್ಲಿಟ್ಟು ನೋಡಿದಳು. ಅತಿಥಿಗೆ ಕೊಟ್ಟ ಉತ್ತರದಲ್ಲಿ ನಾಳೆಯನ್ನು ಕೈಬಿಡದೆ ಹಿಡಿದುಕೊಂಡಳು. ಸ್ಟ್ಯಾನ್‌ಫೋರ್ಡಿನ ಮಗು ಮಿಠಾಯಿಗೆ ಮಾಡಿದುದನ್ನೇ ಆಕೆ ವಯಸ್ಸಿಗೆ ಮಾಡಿದಳು.

ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಅರ್ಡ್‌ಮನ್ ಪಾಲ್ಮೋರ್ 1971ರಲ್ಲಿ ಮುಪ್ಪಿನ ಮೇಲಣ ನಗೆಹನಿಗಳನ್ನು ಕಲೆಹಾಕಿ ವಿಂಗಡಿಸಿದಾಗ, ಅರ್ಧಕ್ಕಿಂತ ಹೆಚ್ಚಿನವು ವೃದ್ಧರನ್ನು ಹೀನವಾಗಿಯೇ ಕಾಣುತ್ತವೆಂದೂ, ವೃದ್ಧೆಯರ ಮೇಲಿನವು ಮತ್ತಷ್ಟು ಕಟುವೆಂದೂ ಕಂಡುಬಂದಿತು. ನಮ್ಮ ಗಾದೆಗಳಲ್ಲಿಯೂ ಈ ಎರಡು ಜಾತಿಗಳುಂಟು. "ಅರವತ್ತಕ್ಕೆ ಅರಳು ಮರಳು" ಎಂಬುದನ್ನು ಸಾಮಾನ್ಯವಾಗಿ ಕಿರಿಯರು ಹಿರಿಯರ ಬೆನ್ನ ಹಿಂದೆ ಆಡುತ್ತಾರೆ. "ಊರು ಹೋಗು ಅನ್ನುತ್ತೆ, ಕಾಡು ಬಾ ಅನ್ನುತ್ತೆ" ಎಂಬುದನ್ನು ಹಿರಿಯರು ತಾವೇ, ಜಗಲಿಯ ಮೇಲೆ ಸಮವಯಸ್ಕರೊಡನೆ ಕುಳಿತು, ಎಲೆಯಡಿಕೆಯ ನಡುವೆ ಆಡುತ್ತಾರೆ. ಕೆನಡಾದ ರಾಡ್ ಮಾರ್ಟಿನ್ ಮತ್ತು ಸಂಗಡಿಗರು 2003ರಲ್ಲಿ ಹಾಸ್ಯದ ಶೈಲಿಗಳನ್ನು ನಾಲ್ಕಾಗಿ ವಿಭಾಗಿಸಿದರು: ಇತರರನ್ನು ಹತ್ತಿರಕ್ಕೆ ತರುವುದು, ಕಷ್ಟದ ನಡುವೆ ತನಗೆ ತಾನೇ ಧೈರ್ಯ ತಂದುಕೊಳ್ಳುವುದು, ಇತರರನ್ನು ಚುಚ್ಚುವುದು, ತನ್ನನ್ನೇ ಕೀಳುಗೈದುಕೊಳ್ಳುವುದು. ಮೊದಲಿನ ಎರಡು ಮನಃಸ್ವಾಸ್ಥ್ಯದೊಡನೆಯೂ ಕೊನೆಯದು ಖಿನ್ನತೆ ಕಳವಳಗಳೊಡನೆಯೂ ಕೂಡಿಕೊಂಡಿರುವುದನ್ನು ಅವರ ಅಳತೆಗಳು ತೋರಿಸಿದುವು. ಹೊರಗಿನವನ ಕಿವಿಗೆ ನಾಲ್ಕೂ ನಗೆಯಾಗಿಯೇ ಕೇಳಿಸುತ್ತವೆ.

ಈ ಭೇದ ಬರಿಯ ಮಾತಿನ ಭೇದವಲ್ಲ. ಯೇಲ್ ವಿಶ್ವವಿದ್ಯಾಲಯದ ಬೆಕ್ಕಾ ಲೀವಿ, ಒಹಾಯೋ ರಾಜ್ಯದ ಆಕ್ಸ್‌ಫರ್ಡ್ ಎಂಬ ಊರಿನಲ್ಲಿ 50 ವರ್ಷ ದಾಟಿದ 660 ಮಂದಿ ತಮ್ಮ ವಯಸ್ಸಾಗುವಿಕೆಯನ್ನು ಕುರಿತು 1975ರಲ್ಲಿ ಹೇಳಿದ್ದನ್ನು ಅವರವರ ಮರಣದ ದಾಖಲೆಗಳೊಡನೆ ಹೋಲಿಸಿ 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮುಪ್ಪನ್ನು ಸದ್ಭಾವದಿಂದ ಕಂಡವರು ಉಳಿದವರಿಗಿಂತ ಸುಮಾರು ಏಳೂವರೆ ವರ್ಷ ಹೆಚ್ಚು ಬಾಳಿದ್ದರು. ಆರೋಗ್ಯ, ಆದಾಯ, ಒಂಟಿತನಗಳ ವ್ಯತ್ಯಾಸಗಳನ್ನು ಕಳೆದ ಮೇಲೂ ಈ ಅಂತರ ಉಳಿಯಿತು. ಎರಡು ವರ್ಷಗಳ ತರುವಾಯ ಅವರೇ ತೋರಿಸಿದ ಇನ್ನೊಂದು ಸಂಗತಿ ನಮ್ಮ ಪ್ರಕರಣಕ್ಕೆ ನೇರವಾಗಿ ತಾಗುತ್ತದೆ: ಅಂಥವರು ಮುಂದಿನ ಎರಡು ದಶಕಗಳಲ್ಲಿ ಪಥ್ಯ, ವ್ಯಾಯಾಮ, ಔಷಧಿಗಳ ವಿಷಯದಲ್ಲಿಯೂ ಹೆಚ್ಚು ಎಚ್ಚರವಾಗಿದ್ದರು. ಮುಪ್ಪೆಂದರೆ ಮುಗಿದುಹೋದುದು ಎಂದು ನಗುವವನಿಗೆ ಎಲೆಯ ಮೇಲಿನ ಮೂರನೆಯ ಹೋಳಿಗೆಯನ್ನು ಬೇಡವೆನ್ನಲು ಕಾರಣವೇ ಇರುವುದಿಲ್ಲ. ಆದುದರಿಂದ ಆ ಮಾವನವರ ಮಾತಿಗೆ ನಾವು ಕೂಡಿ ನಗುವ ಮೊದಲು ಕೊಂಚ ಯೋಚಿಸಬೇಕು. "ಇನ್ನೂ ಮೊಮ್ಮಗಳ ಮದುವೆಯ ಚಿರೋಟಿ ಬಾಕಿಯಿದೆಯಲ್ಲ ಮಾವ" ಎಂದು ಸೊಸೆ ನಗುತ್ತ ಉತ್ತರಿಸಿದರೆ ಆಕೆ ಅವರ ಕೈಗೆ ನಾಳೆಯನ್ನು ಹಿಂದಕ್ಕೆ ಕೊಟ್ಟಂತಾಯಿತು.

ಹಿರಿಯರಲ್ಲಿ ಸಂಯಮ ಕುಂದುತ್ತದೆಂಬ ಲೋಕದ ಅಭಿಪ್ರಾಯವನ್ನೂ ಸಂಶೋಧನೆ ಅಲ್ಲಗಳೆದಿದೆ. ಡ್ಯೂಕ್ ವಿಶ್ವವಿದ್ಯಾಲಯದ ಮತ್ತೊಂದು ತಂಡ 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 20ರಿಂದ 80ರವರೆಗಿನ ವಯಸ್ಸಿನ ನೂರಕ್ಕೂ ಹೆಚ್ಚು ಮಂದಿಯನ್ನು ದಿನಕ್ಕೆ ಹಲವು ಬಾರಿ ಫೋನಿನ ಮೂಲಕ ವಿಚಾರಿಸಿ, ಆ ಕ್ಷಣದ ಮನಸ್ಥಿತಿಯೇನು, ಯಾವ ಆಸೆ ಬಂದಿದೆ, ತಡೆದಿರೋ ಇಲ್ಲವೋ ಎಂದು ಕೇಳಿದಾಗ, ವಯಸ್ಸಾದವರೇ ಹೆಚ್ಚು ಸಮಚಿತ್ತರಾಗಿಯೂ ಆಸೆಗಳನ್ನು ತಡೆಯುವುದರಲ್ಲಿ ಮೇಲಾಗಿಯೂ ಕಂಡರು. ಜರ್ಮನಿಯಲ್ಲಿ 2012ರ ಸುಮಾರಿನಲ್ಲಿ ವಿಲ್ಹೆಲ್ಮ್ ಹಾಫ್‌ಮನ್ ಮತ್ತು ಸಂಗಡಿಗರು ಇದೇ ವಿಧಾನದಿಂದ ಇನ್ನೂರಕ್ಕೂ ಹೆಚ್ಚು ಜನರನ್ನು ಗಮನಿಸಿ, ಸಂಯಮಿಗಳೆನಿಸಿಕೊಂಡವರು ಆಸೆಯೊಡನೆ ಹೋರಾಡುವ ಸಂದರ್ಭಗಳೇ ಕಡಿಮೆಯೆಂದು ಕಂಡಿದ್ದರು. ಅವರು ಗೆಲ್ಲುವುದಕ್ಕಿಂತ ಹೆಚ್ಚಾಗಿ ಕಾಳಗವನ್ನೇ ತಪ್ಪಿಸುತ್ತಾರೆ. ಪೇಡೆಯ ಡಬ್ಬಿ ಊಟದ ಮೇಜಿನ ಮೇಲಿಲ್ಲದೆ ಅಟ್ಟದ ಮೇಲಿದ್ದರೆ ಅರ್ಧ ಕೆಲಸವಾಯಿತು. ಹಬ್ಬದ ದಿನ ತಿಂದೇ ತಿನ್ನುವುದಾದರೆ, ಊಟದ ನಂತರ 15 ನಿಮಿಷ ನಡೆದರೆ ಕೂಡ ವೃದ್ಧರ ರಕ್ತದ ಸಕ್ಕರೆ ತಗ್ಗುವುದನ್ನು ಜಾರ್ಜ್ ವಾಷಿಂಗ್ಟನ್ ವಿಶ್ವವಿದ್ಯಾಲಯದ ಸಂಶೋಧಕರು 2013ರಲ್ಲಿ ತೋರಿಸಿದ್ದಾರೆ. ದುಡಿಯುವ ಮಾಂಸಖಂಡ ಇನ್ಸುಲಿನ್ನಿನ ಅಪ್ಪಣೆಗೆ ಕಾಯದೆಯೇ ಗ್ಲೂಕೋಸನ್ನು ಒಳಗೆಳೆದುಕೊಳ್ಳಬಲ್ಲುದಾದುದೇ ಇದಕ್ಕೆ ಕಾರಣ.

ಇಷ್ಟೆಲ್ಲ ಹೇಳಿದುದು ಅರವತ್ತು ಎಪ್ಪತ್ತರಲ್ಲಿ ನಡೆದಾಡಿಕೊಂಡಿರುವವರನ್ನು ಉದ್ದೇಶಿಸಿ. ತೊಂಬತ್ತರ ಅಂಚಿನಲ್ಲಿ ಕೃಶರಾಗಿ, ಹಲ್ಲಿಲ್ಲದೆ, ಹಸಿವಿಲ್ಲದೆ ದಿನೇ ದಿನೇ ತೂಕ ಕಳೆದುಕೊಳ್ಳುತ್ತಿರುವವರ ವಿಷಯವೇ ಬೇರೆ. ಅವರಿಗೆ ಸಕ್ಕರೆಗಿಂತ ಹಸಿವಿನ ಅಭಾವವೇ ದೊಡ್ಡ ಶತ್ರು, ಔಷಧಿ ನುಂಗಿ ಊಟ ಬಿಟ್ಟರೆ ರಕ್ತದ ಸಕ್ಕರೆ ಹಠಾತ್ತಾಗಿ ಕುಸಿದು ಬೀಳುವ ಭಯವೂ ಉಂಟು. ಮಧುಮೇಹವುಳ್ಳ, ಉಳಿದಂತೆ ಆರೋಗ್ಯವಾಗಿರುವ ಹಿರಿಯರಿಗೆ ಎಚ್‌ಬಿಎ1ಸಿ ಶೇ. 7ರಿಂದ 7.5ರೊಳಗಿರಲೆನ್ನುವ ಅಮೆರಿಕದ ಮಧುಮೇಹ ಸಂಘದ ಸೂತ್ರವೇ, ಹಲವು ವ್ಯಾಧಿಗಳಿಂದ ಜರ್ಝರಿತರಾದವರಿಗೆ ಶೇ. 8ರವರೆಗೂ ಇರಲೆಂದು ಸಡಿಲಿಸುತ್ತದೆ. ಅಂಥ ಅಜ್ಜಿಯ ಎಲೆಯಿಂದ ಒಬ್ಬಟ್ಟನ್ನು ಎತ್ತಿಕೊಳ್ಳುವ ಮೊಮ್ಮಕ್ಕಳ ಕಾಳಜಿ ಪ್ರೀತಿಯಿಂದಲೇ ಹುಟ್ಟಿದುದಾದರೂ ವೈದ್ಯಶಾಸ್ತ್ರ ಅದನ್ನು ಒಪ್ಪುವುದಿಲ್ಲ. ಮಾತ್ರೆಯ ಪ್ರಮಾಣವನ್ನು ವೈದ್ಯರೊಡನೆ ಮಾತನಾಡಿ ಹೊಂದಿಸಿಕೊಂಡು, ಬೆಂದ ಬೇಳೆಯ ಹೂರಣವಿರುವ ಆ ಒಬ್ಬಟ್ಟನ್ನು ಹಾಲಿನಲ್ಲಿ ನೆನೆಸಿ, ಒಂದು ಚಮಚ ತುಪ್ಪ ಹಾಕಿ ಅವರಿಗೆ ತಿನ್ನಿಸಬಹುದು.